ಇನ್ನೂ ಕಲಿಯಾಕ ಹತ್ತೀನ್ರಿ

ಕೊಟ್ಟೂರಿನಲ್ಲಿ ನಮ್ಮ ಪಕ್ಕದ ಮನೆಯ ಬಸ್ ಕಂಡಕ್ಟರರಿಗೆ ತಂತಿಯಿರುವ ವಾದ್ಯ ಕಂಡರೆ ಸಾಕು, ಕಲಿಯಲೇಬೇಕು. ಪಿಟೀಲು, ಸಿತಾರ್, ಮ್ಯಾಂಡೊಲಿನ್ ಎಲ್ಲವೂ ಆಗಿದ್ದವು. ನಾಲ್ಕು ಜನರ ಮುಂದೆ ನುಡಿಸಿ ಎಂದರೆ ಮಾತ್ರ, "ಇನ್ನೂ ಕಲಿಯಾಕ ಹತ್ತೀನ್ರಿ" ಎಂದು ಟಿಕೆಟ್ ಹರಿದಷ್ಟೇ ಸರಾಗವಾಗಿ ಹೇಳಿಬಿಡುತ್ತಿದ್ದರು.

ಒಮ್ಮೆ ಬಸ್ಸಿನ ಮೇಲಿಂದ ಮೂಟೆ ಇಳಿಸುವಾಗ ಬಿದ್ದು ಎಡಗೈ ಮುರಿದುಕೊಂಡರು. "ಇನ್ನರ ಮನಿ ತಣ್ಣಗಿರತೈತಿ" ಎಂದರು ಅವರ ಹೆಂಡತಿ. ಮರುದಿನವೇ ಭಜನೆಯವರ ತಂಬೂರಿ ಮನೆಗೆ ಬಂತು. "ಇದಕ್ಕ ಒಂದ ಕೈ ಸಾಕು!" ಎಂದರು ಇವರು.

ಪ್ಲಾಸ್ಟರ್ ಬಿಚ್ಚಿದಾಗ ಬೆರಳುಗಳು ಸೆಟೆದುಕೊಂಡಿದ್ದವು. ನಾವೆಲ್ಲ ನೋಡಲು ಹೋಗಿದ್ದೆವು. ಅವರು ಪಿಟೀಲು ಎತ್ತಿ ಒಂದು ಸ್ವರ ಎಳೆದರು. ಅದು ಕರ್ಕಶವಾಗಿ ಕಿರುಚಿತು. ಅವರ ಮುಖ ಅರಳಿತು.

"ಮತ್ತ ಸರಿಗಮದಿಂದ ಕಲಿಯಾಕ ಸಿಕ್ತು ನೋಡ್ರಿ!"