ನಾಟಿಯ ತಿಂಗಳಲ್ಲಿ ನೋಡಿದ ನಾಡಿ

ನನ್ನ ಹೊಟ್ಟೆಕಿಚ್ಚಿಗೆ ಒಂದು ಮುಖ ಇದೆ. ತೆಳು ಮೀಸೆ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೊರಳಲ್ಲಿ ಸ್ಟಾಪ್‌ವಾಚು. ಮೈಸೂರು ಕಡೆಯವನು. ನಮ್ಮ ವಿಭಾಗಕ್ಕೆ ನಾನು ಬಂದು ಕೆಲವು ವರ್ಷಗಳಾದ ಮೇಲೆ ಬಂದ. ಎದುರಿಗೆ ಯಾವಾಗಲೂ 'ಅವರು' ಎಂದೇ ಅಂದೆ, ಮನಸ್ಸಿನಲ್ಲಿ ಮಾತ್ರ ಒಂದು ದಿನವೂ ಅನ್ನಲಿಲ್ಲ. ಈಗ ನಿವೃತ್ತಿಯಾಗಿ ಕೂತು ಬರೆಯುವಾಗ ಯಾರ ದಾಕ್ಷಿಣ್ಯ? ಮನಸ್ಸಿನಲ್ಲಿದ್ದದ್ದನ್ನೇ ಬರೆಯುತ್ತೇನೆ. ಅವನು.

ಎಂಬತ್ತರ ದಶಕದ ಮಾತು. ಹೊಸಪೇಟೆಯ ಹೊರಗೆ, ಸಂಡೂರು ರಸ್ತೆಯಲ್ಲಿ, ಹಿಂದೆ ಗೊಬ್ಬರದ ಗೋದಾಮಾಗಿದ್ದ ಕಟ್ಟಡದಲ್ಲಿ ವಿಶ್ವವಿದ್ಯಾಲಯದವರು ದೈಹಿಕ ಶಿಕ್ಷಣ ಮತ್ತು ಕ್ರೀಡಾ ವಿಜ್ಞಾನದ ವಿಭಾಗ ತೆರೆದಿದ್ದರು. ಮಳೆ ಬಂದರೆ ಗೋಡೆಗಳು ಯೂರಿಯಾ ವಾಸನೆ ಬಿಡುತ್ತಿದ್ದವು. ಅಧ್ಯಾಪಕರು ಮೂವರೇ: ಪ್ರೊಫೆಸರ್, ನಾನು, ಅವನು. ಪ್ರಯೋಗಾಲಯ ಎಂದು ನಾವು ಕರೆಯುತ್ತಿದ್ದ ಕೋಣೆಯಲ್ಲಿ ಹತ್ತಿ ಇಳಿಯಲು ಮರದ ಬೆಂಚು, ಟಿಕ್ ಟಿಕ್ ಎಂದು ತಾಳ ಹಾಕುವ ಯಂತ್ರ, ತೂಕದ ಯಂತ್ರ, ಮುಷ್ಟಿಯ ಹಿಡಿತ ಅಳೆಯುವ ಒಂದು ಸಲಕರಣೆ, ಇಷ್ಟೇ. ಆ ಸಲಕರಣೆಯ ಮುಳ್ಳು ಅಂಟಿಕೊಳ್ಳುತ್ತಿತ್ತು. ಅವನು ಬರುವ ತನಕ ಅದನ್ನು ತಟ್ಟಿ ಬಿಡಿಸುವವಳು ನಾನೊಬ್ಬಳೇ. ಬಂದ ವಾರದಲ್ಲೇ ಅವನು ಅದನ್ನು ಬಿಚ್ಚಿ, ಹೊಲಿಗೆ ಯಂತ್ರದ ಎಣ್ಣೆ ಬಿಟ್ಟು ಸರಿಮಾಡಿಟ್ಟ. ಪ್ರೊಫೆಸರ್ ಇಡೀ ತಿಂಗಳು ಅದನ್ನೇ ಹೊಗಳಿದರು. ಅಷ್ಟು ವರ್ಷ ತಟ್ಟಿದವಳ ಕೈ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ಆ ಗಿಡ ನಾನು. ಕಂಪ್ಲಿಯ ನೆಲ್ಲು ಬೆಳೆಯುವ ಮನೆಯ ಮಗಳು. ಖೊಖೊ ಆಡಿ ಆಡಿ ಮೊಣಕಾಲು ಸವೆಸಿಕೊಂಡು, ಮನೆಯವರ ಬೈಗುಳ ತಿಂದು, ಓದಿ ಈ ಕೆಲಸಕ್ಕೆ ಬಂದವಳು. ನನ್ನ ಭಾಷೆ ಕೇಳಿದರೆ ವಿದ್ಯಾರ್ಥಿಗಳಿಗೆ ತಮ್ಮ ಚಿಕ್ಕಮ್ಮ ಬೈದ ಹಾಗೆ ಅನಿಸುತ್ತಿತ್ತು. ಅವನದು ತೂಕದ ಕನ್ನಡ. 'ದಯವಿಟ್ಟು ಉಸಿರು ಎಳೆದುಕೊಳ್ಳಿ' ಎನ್ನುತ್ತಿದ್ದ. ದಯವಿಟ್ಟು ಅನ್ನದಿದ್ದರೆ ಹುಡುಗರು ಉಸಿರಾಡುವುದನ್ನೇ ಬಿಡುತ್ತಿದ್ದರೇ? ಆದರೂ ಎಲ್ಲರೂ ಅವನ ಹಿಂದೆ.

ಇದೆಲ್ಲ ಸಣ್ಣ ಉರಿ. ದೊಡ್ಡ ಉರಿ ಹತ್ತಿದ್ದು ಸಂಶೋಧನೆಯ ಸೀಟಿಗೆ. ಪ್ರೊಫೆಸರ ಕೈಕೆಳಗೆ ಡಾಕ್ಟರೇಟಿಗೆ ಒಂದೇ ಜಾಗ ಖಾಲಿಯಿತ್ತು. ಅದಿಲ್ಲದೆ ರೀಡರ್ ಹುದ್ದೆ ಇಲ್ಲ, ರೀಡರ್ ಆಗದಿದ್ದರೆ ಸಾಯುವ ತನಕ ಲೆಕ್ಚರರ್. ನಾನೂ ಅರ್ಜಿ ಹಾಕಿದೆ, ಅವನೂ ಹಾಕಿದ. ನನ್ನ ವಿಷಯ ಖೊಖೊ ಆಡುವ ಹುಡುಗಿಯರ ಚುರುಕುತನ. ಅವನ ವಿಷಯ ಹುಟ್ಟಿದ್ದು ನಮ್ಮ ಜುಲೈ ತಪಾಸಣೆಯಿಂದ.

ಪ್ರತಿ ವರ್ಷ ಕಾಲೇಜು ಶುರುವಾದ ಕೂಡಲೇ ನಾವು ಸುತ್ತಲಿನ ಊರುಗಳ ಕಾಲೇಜುಗಳಿಗೆ ಹೋಗಿ ಹೊಸದಾಗಿ ಸೇರಿದವರ ದೇಹಶಕ್ತಿ ಅಳೆಯುವುದು ವಿಭಾಗದ ಪದ್ಧತಿ. ತಾಳಕ್ಕೆ ತಕ್ಕಂತೆ ಬೆಂಚು ಹತ್ತಿ ಇಳಿಸುವುದು, ಆಮೇಲೆ ನಾಡಿ ಎಣಿಸುವುದು. ಕಾಲು ಚಾಚಿ ಕೂರಿಸಿ ಬೆರಳ ತುದಿ ಎಷ್ಟು ದೂರ ಮುಟ್ಟುತ್ತದೆ ನೋಡುವುದು. ಆ ವರ್ಷ ಹುಡುಗಿಯರ ಸರದಿ. ಗಂಡಸು ಹುಡುಗಿಯರ ಮಣಿಕಟ್ಟು ಹಿಡಿದರೆ ಊರು ಸುಮ್ಮನಿರುತ್ತದೆಯೇ? ಆದ್ದರಿಂದ ನಾಡಿ ಹಿಡಿಯುವವಳು ನಾನು, ಮಾರು ದೂರದಲ್ಲಿ ಕುರ್ಚಿ ಹಾಕಿಕೊಂಡು ಅಂಕಿ ಬರೆದುಕೊಳ್ಳುವವನು ಅವನು.

ಸಂಡೂರಿಗೆ ಹೋದೆವು. ಯಶವಂತನಗರದ ಗಣಿ ಕೆಲಸಗಾರರ ಮಕ್ಕಳು, ಕೆಂಪು ಧೂಳಿನಲ್ಲಿ ಬೆಳೆದವರು, ಬೆಂಚನ್ನು ಮೇಕೆಗಳ ಹಾಗೆ ಹತ್ತಿ ಇಳಿದರು. ಕಂಪ್ಲಿಗೆ ಹೋದೆವು. ನಮ್ಮೂರ ಹುಡುಗಿಯರು ಅರ್ಧಕ್ಕೇ ಕೂತುಬಿಟ್ಟರು. ನಾಡಿ ಗುದ್ದುತ್ತಿತ್ತು. ಕಾಲು ಚಾಚಿ ಬಗ್ಗಿ ಎಂದರೆ ಸೊಂಟ ಹಿಡಿದುಕೊಂಡು 'ಅಯ್ಯೋ' ಎಂದರು.

ಅವನು ಅಂಕಿಗಳನ್ನು ನೋಡಿ ನೋಡಿ ಒಂದು ಸಿದ್ಧಾಂತ ಕಟ್ಟಿದ. ಕಾಲುವೆ ನೀರು ಬಂತು, ಅನ್ನ ಬಂತು, ದುಡಿಮೆ ಹೋಯಿತು, ನೀರಾವರಿ ಸೀಮೆಯ ಮೈ ಮೆತ್ತಗಾಯಿತು. ಗಣಿಯ ಸೀಮೆ ಗಟ್ಟಿಯಾಗಿ ಉಳಿಯಿತು. ಕೇಳಿದವರೆಲ್ಲ ತಲೆದೂಗಿದರು. ಪ್ರೊಫೆಸರ್ ಅಂತೂ ಚಹಾದ ಹೊತ್ತಿಗೆ ಬಂದವರಿಗೆಲ್ಲ ಅದನ್ನೇ ಹೇಳುತ್ತಿದ್ದರು. ನನಗೆ ಮೈ ಉರಿಯುತ್ತಿತ್ತು. ಒಂದು ಕಾರಣ, ಅಷ್ಟು ಚೆಂದದ ಮಾತು ನನಗೆ ಹೊಳೆಯಲಿಲ್ಲವಲ್ಲ ಎಂದು. ಇನ್ನೊಂದು ಕಾರಣ, ಅದು ಸುಳ್ಳು ಎಂದು ನನಗೆ ಗೊತ್ತಿತ್ತು.

ನಾಡಿ ಹಿಡಿದವಳಿಗೆ ಕೈ ಕಾಣುತ್ತದೆ. ಆ ಹುಡುಗಿಯರ ಬೆರಳು ನೀರಲ್ಲಿ ನೆನೆದು ಬೆಳ್ಳಗೆ ಸುಕ್ಕಾಗಿದ್ದವು, ಉಗುರ ಸಂದಿಯಲ್ಲಿ ಕರಿ ಕೆಸರು. ಕಾಲುವೆಗೆ ನೀರು ಬಿಟ್ಟಿದ್ದರು, ನಾಟಿಯ ಹಂಗಾಮು. ನಮ್ಮ ಕಡೆ ನಾಟಿಗೆ ಮುಯ್ಯಿ ನಡೆಯುತ್ತದೆ. ನಮ್ಮ ಗದ್ದೆಗೆ ನಿಮ್ಮ ಮನೆಯ ಹೆಣ್ಣುಮಗಳು ಬಂದರೆ ನಿಮ್ಮ ಗದ್ದೆಗೆ ನಮ್ಮ ಮನೆಯಿಂದ ಒಬ್ಬಳು ಹೋಗಲೇಬೇಕು. ತಾಯಿ ಒಂದು ಗದ್ದೆಗೆ ಹೋದರೆ ಮಗಳು ಇನ್ನೊಂದಕ್ಕೆ. ಓದುವ ಹುಡುಗಿ ಎಂದು ವಿನಾಯಿತಿ ಇಲ್ಲ. ತಪ್ಪಿದರೆ ನಮ್ಮ ನಾಟಿಗೆ ಯಾರೂ ಬರುವುದಿಲ್ಲ, ಸಸಿ ಮಡಿಯಲ್ಲೇ ಬಲಿತು ಹೋಗುತ್ತದೆ. ಆ ಹುಡುಗಿಯರು ಕೋಳಿ ಕೂಗುವ ಹೊತ್ತಿಗೆ ಕೆಸರಿಗಿಳಿದು, ಬಗ್ಗಿದ ಸೊಂಟ ಎತ್ತದೆ ನಾಟಿ ಮಾಡಿ, ಕಾಲು ತೊಳೆದುಕೊಂಡು ನೇರ ನಮ್ಮ ಬೆಂಚಿಗೆ ಬಂದಿದ್ದರು. ಅವರು ಮೆತ್ತಗಿನವರಂತೆ!

ಹೇಳಲಿಲ್ಲ. ಯಾಕೆ ಹೇಳಬೇಕು? ಅವನು ಕೇಳಲೂ ಇಲ್ಲ. ಸೀಟು ಯಾರಿಗೆ ಎಂದು ತೀರ್ಮಾನಿಸುವ ಸಭೆಯಲ್ಲಿ, ಹೊರಗಿನ ತಜ್ಞರ ಎದುರಿಗೆ, ಎಲ್ಲರಿಗೂ ಕೇಳುವಂತೆ ಹೇಳಬೇಕೆಂದು ನಾಲಿಗೆಯ ಕೆಳಗೆ ಇಟ್ಟುಕೊಂಡೆ. ಅಷ್ಟು ದಿನ ಅದು ಪೆಪ್ಪರಮೆಂಟಿನ ಹಾಗೆ ತಣ್ಣಗೆ ಸಿಹಿಯಾಗಿತ್ತು.

ಆ ತಜ್ಞರು ಮದರಾಸಿನಿಂದ ಸಭೆಯ ಹಿಂದಿನ ದಿನವೇ ಬಂದರು. ವಯಸ್ಸಾದವರು, ಮಾತು ಕಡಿಮೆ. ಇಬ್ಬರ ಕಾಗದಪತ್ರಗಳನ್ನೂ ಬೆಳಿಗ್ಗೆ ಓದಿ ಮುಗಿಸಿ ಹಂಪಿ ನೋಡಬೇಕೆಂದರು. ಪ್ರೊಫೆಸರ್ ಜೀಪು ತರಿಸಿ, ತೋರಿಸಲು ಕರೆದುಕೊಂಡು ಹೋದದ್ದು ಯಾರನ್ನು? ಅವನನ್ನು. ಹಂಪಿಯ ಕಲ್ಲುಕಲ್ಲೂ ಬಲ್ಲ ನನಗೆ ಮರುದಿನದ ಊಟದ ವ್ಯವಸ್ಥೆ ನೋಡಿಕೊಳ್ಳಲು ಹೇಳಿದರು. ನಾನು ಗೋದಾಮಿನಲ್ಲಿ ಕೂತು ಹೋಳಿಗೆಗೆ ಹೇಳಿ ಕಳಿಸುತ್ತಿದ್ದಾಗ, ಮೈಸೂರಿನವನು ಮಾತಂಗ ಬೆಟ್ಟದ ಮೇಲೆ ನಿಂತು ನಮ್ಮ ಹೊಳೆಯನ್ನು ಕೈಮಾಡಿ ತೋರಿಸುತ್ತಿದ್ದ. ಸಂಜೆ ಜೀಪಿನಿಂದ ಇಳಿಯುವಾಗ ಮೂವರೂ ನಗುತ್ತಿದ್ದರು. ನನ್ನ ಸೀಟು ಹಂಪಿಯಲ್ಲೇ ಹೋಯಿತು ಎಂದುಕೊಂಡೆ.

ಮರುದಿನ ಮೊದಲು ಅವನ ಮಾತು. ಗೋಡೆಗೆ ನಕ್ಷೆ ತೂಗುಹಾಕಿ, ಕೋಲು ಹಿಡಿದು, ಮೆಲ್ಲಗೆ, ಬೆಣ್ಣೆಯಂತೆ ಹೇಳಿದ. ತಜ್ಞರು ಪೆನ್ನಿನ ಮುಚ್ಚಳ ಹಾಕಿ ಕಣ್ಣು ಅರೆಮುಚ್ಚಿ ಕೂತಿದ್ದರು. ಮೈಮರೆತು ಕೇಳುತ್ತಿದ್ದಾರೆ ಎಂದು ನನ್ನ ಸಂಕಟ ಇನ್ನೂ ಏರಿತು. ಮುಗಿದ ಮೇಲೆ ಅವರು ಏನೂ ಕೇಳಲಿಲ್ಲ. ಸರಿ, ಮುಂದಿನವರು ಎನ್ನುವ ಹಾಗೆ ನನ್ನ ಕಡೆ ನೋಡಿದರು. ನಾನು ನನ್ನ ಖೊಖೊ ಕಾಗದ ಎತ್ತಿಕೊಂಡು ಹೋಗಿ ಓದಿದ್ದರೆ ಆಗುತ್ತಿತ್ತು. ಎದ್ದು ನಿಂತೆ, ಕಾಗದ ಕುರ್ಚಿಯ ಮೇಲೇ ಉಳಿಯಿತು.

"ಸರ್, ಆ ನಾಡಿ ಹಿಡದಾಕಿ ನಾನು," ಎಂದೆ. ಸಿಟ್ಟಿಗೆ ಇಂಗ್ಲಿಷೂ ಹೋಯಿತು, ಪುಸ್ತಕದ ಕನ್ನಡವೂ ಹೋಯಿತು. "ಆ ಹುಡುಗ್ಯಾರು ನಸುಕಿನಾಗ ಎದ್ದು ಮುಯ್ಯಾಳಿಗೆ ಹೋಗಿ, ಮಂಡಿ ಮಟ ಕೆಸರಾಗ ನಿಂತು ನಾಟಿ ಹಚ್ಚಿ ಬಂದಿದ್ರು. ಸೊಂಟ ಬಗ್ಗಲಿಲ್ಲ ಅಂತ ಬರದಾರ ಇವರು. ಬಗ್ಗಿ ಬಗ್ಗೀನ ಸೆಟದಿತ್ತು ಅದು. ಕಾಲುವಿ ಬಂದ್ ಆದಾಗ ಬಂದು ನೋಡ್ರಿ, ಆವಾಗ ಮಾತಾಡೋಣ."

ಅವನ ಮುಖ ಬಿಳುಪೇರಿದ್ದನ್ನು ಕಣ್ತುಂಬ ನೋಡಿದೆ. ಆ ಒಂದು ಗಳಿಗೆಯ ಸುಖವನ್ನು ಯಾರೂ ನನ್ನಿಂದ ಕಸಿದುಕೊಳ್ಳಲಾರರು.

ಪ್ರೊಫೆಸರ್ ನನ್ನ ಮಾತನ್ನು ತಜ್ಞರಿಗೆ ಇಂಗ್ಲಿಷಿನಲ್ಲಿ ಹೇಳಿದರು. ತಜ್ಞರು ಪೆನ್ನಿನ ಮುಚ್ಚಳ ತೆಗೆದರು. ಮುಯ್ಯಿ ಎಂದರೇನು, ನಾಟಿ ಎಷ್ಟು ದಿನ, ಎಷ್ಟು ಹೊತ್ತು ಬಗ್ಗಿರುತ್ತಾರೆ ಎಂದು ಒಂದೊಂದೇ ನನ್ನನ್ನು ಕೇಳಿದರು. ನಾನು ಉಬ್ಬಿ ಉಬ್ಬಿ ಹೇಳಿದೆ. ಕೊನೆಗೆ ಅವರು ತಿರುಗಿ ಹೇಳಿದ್ದು ಅವನಿಗೆ. ಹಳೆಯ ಸಿದ್ಧಾಂತ ಬಿಡಿ, ಇದನ್ನು ಹಿಡಿಯಿರಿ. ನೀರು ಇದ್ದಾಗ ಒಮ್ಮೆ, ನೀರು ನಿಂತಾಗ ಒಮ್ಮೆ, ಅದೇ ಹುಡುಗಿಯರನ್ನು ಅಳೆಯಿರಿ. ಒಂದು ಭಾಗ ನಿಮ್ಮ ಹತ್ತಿರ ಆಗಲೇ ಇದೆ. ಆಟಗಾರರನ್ನು ಎಲ್ಲರೂ ಅಳೆಯುತ್ತಾರೆ, ನಾಟಿ ಮಾಡುವವರನ್ನು ಯಾರು ಅಳೆದಿದ್ದಾರೆ?

ಅವನು ವಾದಿಸಬಹುದಿತ್ತು, ಸಿಟ್ಟಾಗಬಹುದಿತ್ತು. 'ಮೇಡಂ ಹೇಳಿದ್ದು ಸರಿ, ನನಗೆ ತಿಳಿದಿರಲಿಲ್ಲ' ಎಂದ. ಆಮೇಲೆ ನನ್ನ ಖೊಖೊ ಓದಿದೆ. ಏನು ಓದಿದೆನೋ, ಯಾರು ಕೇಳಿದರೋ. ಊಟದ ಹೊತ್ತಿಗೆ ಸೀಟು ಅವನದಾಯಿತು. ಹೋಳಿಗೆ ಚೆನ್ನಾಗಿತ್ತಂತೆ. ನಾನು ಮುಟ್ಟಲಿಲ್ಲ.

ಅಷ್ಟಕ್ಕೇ ಮುಗಿಯಿತೇ? ಕಾಲುವೆ ನಿಂತ ಬೇಸಿಗೆಯಲ್ಲಿ ಅದೇ ಹುಡುಗಿಯರ ನಾಡಿ ಹಿಡಿಯಲು ಹೆಣ್ಣಿನ ಕೈ ಬೇಕಲ್ಲ! ಪ್ರೊಫೆಸರ್ ನನ್ನನ್ನೇ ಕಳಿಸಿದರು. ಬಿಸಿಲು ಏರುವ ಮುಂಚೆ ತಪಾಸಣೆ ಮುಗಿಸಬೇಕು, ಅದಕ್ಕೆ ಕಂಪ್ಲಿಯಲ್ಲಿ ಉಳಿಯಬೇಕು. ನಾನಂತೂ ತವರಿನಲ್ಲಿ ಉಳಿದೆ. ಅವನು ಲಾಡ್ಜಿನಲ್ಲಿ ಉಳಿಯುತ್ತೇನೆ ಎಂದರೆ ನಮ್ಮವ್ವ ಕೇಳಲಿಲ್ಲ. ಪರಸ್ಥಳದ ಮಾಸ್ತರ, ಲಾಡ್ಜಿನಾಗ ಏನು ತಿಂತಾನ ಎಂದು ಪಡಸಾಲೆಯಲ್ಲಿ ಹಾಸಿಗೆ ಹಾಸಿಕೊಟ್ಟಳು. ಅವನು ಪುಂಡಿಪಲ್ಯ ಎರಡನೆಯ ಸಲ ಹಾಕಿಸಿಕೊಂಡ. ರೊಟ್ಟಿ ಬಡಿಯುವುದನ್ನು ಒಲೆಯ ಎದುರು ಕುಕ್ಕರುಗಾಲಲ್ಲಿ ಕೂತು ನೋಡಿದ. ನಾನು ಹತ್ತು ಸಲ ಆಡಿ ಕಪ್ಪು ಗೆದ್ದು ತಂದಾಗ ಒಮ್ಮೆಯೂ ತಿರುಗಿ ನೋಡದ ನಮ್ಮವ್ವ, ಅವನು ಅಂಕಿ ಬರೆಯುವುದನ್ನು ನೋಡಲು ಕಾಲೇಜಿನ ತನಕ ನಡೆದು ಬಂದಳು.

ಹುಡುಗಿಯರು ಆ ಬೇಸಿಗೆಯಲ್ಲಿ ಬೆಂಚನ್ನು ಕುಣಿದ ಹಾಗೆ ಹತ್ತಿ ಇಳಿದರು. ನಾಡಿ ಬೇಗ ತಣ್ಣಗಾಯಿತು, ಬೆರಳು ಪಾದ ದಾಟಿ ಮುಂದೆ ಹೋದವು. ಸಂಡೂರಿನವರಿಗಿಂತ ಒಂದು ಕೈ ಮೇಲೇ. ನಮ್ಮೂರ ಮಾನ ಉಳಿಯಿತು ಎಂದು ನನಗೆ ಹಿಗ್ಗಾಗಬೇಕಿತ್ತು. ಒಬ್ಬೊಬ್ಬಳ ಮಣಿಕಟ್ಟು ಹಿಡಿದಾಗಲೂ ಇದು ಅವನ ಪ್ರಬಂಧದ ಒಂದು ಸಾಲು ಎಂದೇ ಅನಿಸುತ್ತಿತ್ತು.

ಊರಿಂದ ಹೊರಡುವ ದಿನ ಅವ್ವ ಅವನ ಚೀಲಕ್ಕೆ ಗುರೆಳ್ಳು ಚಟ್ನಿ ಕಟ್ಟಿ ಹಾಕುತ್ತಿದ್ದಳು. ಅಷ್ಟು ಯಾಕೆ ಅವನಿಗೆ ಎಂದು ಸಿಡುಕಿದೆ. ಅವಳು ಗಂಟು ಬಿಗಿಯುತ್ತಲೇ, "ಅವನ ತಾಟಿನ ಮ್ಯಾಲ ಕಣ್ಣಿಟ್ಟು ನಿನ್ನ ತಾಟಿನಾಗಿನ ಬಿಸಿ ರೊಟ್ಟಿ ಆರಿಸ್ಕೋಬ್ಯಾಡ ಲೇ," ಎಂದಳು. ಹೆತ್ತವಳ ಬಾಯಲ್ಲೂ ಅವನ ಪರ ಮಾತು.

ಅವನಿಗೆ ಡಾಕ್ಟರೇಟ್ ಬಂತು. ಪ್ರಬಂಧದ ಮೊದಲ ಪುಟದಲ್ಲೇ ಈ ವಿಷಯ ಕೊಟ್ಟವರು ಇವರು ಎಂದು ನನ್ನನ್ನು ನೆನೆದಿದ್ದ. ಕದ್ದಿದ್ದರೆ ಚೆನ್ನಾಗಿತ್ತು. ಹೊಸಪೇಟೆಯ ಬಸ್‌ಸ್ಟ್ಯಾಂಡಿನಿಂದ ಕಂಪ್ಲಿಯ ಕೋಟೆಯ ತನಕ ಬೈದುಕೊಂಡು ತಿರುಗಬಹುದಿತ್ತು. ಕೊಟ್ಟವರು ಎಂದು ಬರೆದು ಬೈಯುವ ದಾರಿಯನ್ನೂ ಮುಚ್ಚಿದ. ರೀಡರ್ ಆದ. ನನಗೆ ಪ್ರೊಫೆಸರ್ ಮುಂದಿನ ವರ್ಷ ನೋಡೋಣ, ಮುಂದಿನ ವರ್ಷ ನೋಡೋಣ ಎನ್ನುತ್ತಲೇ ಅವರ ನಿವೃತ್ತಿ ಹತ್ತಿರ ಬಂತು. ನಿವೃತ್ತಿ ಹತ್ತಿರವಾದವರು ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ. ಅವನ ಕೈಕೆಳಗೆ ಸೇರಬಹುದಿತ್ತು, ಅವನೇ ಬಂದು ಕೇಳಿದ. ನಾನು ಒಲ್ಲೆ ಎಂದೆ. ಇವತ್ತು ಕೇಳಿದರೂ ಒಲ್ಲೆ.

ಪ್ರೊಫೆಸರ ಬೀಳ್ಕೊಡುಗೆಯ ದಿನ ಊಟಕ್ಕೆ ಎಲೆ ಹಾಕುತ್ತಿದ್ದರು. ಅವರು ನನ್ನನ್ನು ಕಿಟಕಿಯ ಹತ್ತಿರ ಕರೆದು, ನಾಳೆಯಿಂದ ತಾನು ಯಾರೂ ಅಲ್ಲ, ಅದಕ್ಕೆ ಇವತ್ತು ಒಂದು ಮಾತು ಹೇಳಿಬಿಡುತ್ತೇನೆ ಎಂದರು. ಏನೋ ಸಮಾಧಾನದ ಮಾತು ಇರಬೇಕೆಂದುಕೊಂಡೆ.

"ಅವತ್ತು ಸೀಟು ನಿಮಗs ಅಂತ ಆಗಿತ್ತು ಮೇಡಂ," ಎಂದರು. "ಹಂಪಿಯಿಂದ ಬರೋವಾಗ ಜೀಪಿನಾಗ ಆ ತಜ್ಞರು ನನ್ನ ಕಿವಿಯಾಗ ಹೇಳಿದ್ರು, ಈ ಹುಡುಗನ ಅಂಕಿ ನನಗ ನಂಬಿಕಿ ಬರವಲ್ದು, ಕೇಳಿದಂಗ ಮಾಡಿ ಬಿಟ್ಟುಬಿಡೋಣು ಅಂತ. ನೀವು ನಿಮ್ಮ ಕಾಗದ ಓದಿದ್ರ ಸಾಕಿತ್ತು. ಅಷ್ಟರಾಗ ನೀವs ಎದ್ದು ಅವನ ಕೆಲಸ ಉಳಿಸಿದ್ರಿ. ಪೈಪೋಟಿಗೆ ನಿಂತಾಕಿ ಹಂಗ ಮಾಡಿದ್ದು ನಾ ಎಲ್ಲೂ ಕಂಡಿಲ್ಲ. ಭಾಳ ದೊಡ್ಡ ಮನಸ್ಸು ನಿಮ್ಮದು."

ಅವರ ಕಣ್ಣು ಒದ್ದೆಯಾಗಿತ್ತು. ನಿಜವಾಗಿಯೂ ಹಾಗೆಂದೇ ನಂಬಿದ್ದರು, ಅಷ್ಟು ವರ್ಷವೂ. ನಾನು ಎದ್ದದ್ದು ಅವನನ್ನು ಕೆಡವಲಿಕ್ಕೆ ಸರ್ ಎಂದು ಬಾಯಿಗೆ ಬಂತು. ಹೇಳಿದರೆ ಆ ದೊಡ್ಡ ಮನಸ್ಸೂ ಹೋಗುತ್ತಿತ್ತು, ಇಡೀ ವ್ಯವಹಾರದಲ್ಲಿ ನನ್ನ ಪಾಲಿಗೆ ಬಂದದ್ದು ಅದೊಂದೇ.

"ಇರಲಿ ಬಿಡ್ರಿ ಸರ್," ಎಂದೆ.