ಹೊಟ್ಟೆಯ ಮೇಲೆ ಕುಣಿದ ರೀಲು

ಹಾಸಿಗೆ ಹೊಲಿಯುವ ಆ ಮನುಷ್ಯನನ್ನು ಬೀದಿಯವರೆಲ್ಲ ಹಂಚಿಕಡ್ಡಿ ಎಂದೇ ಕರೆಯುತ್ತಿದ್ದರು. ಅಷ್ಟು ಸಣಕಲು. ಹೆಂಡತಿಯೋ ಮೈಕೈ ತುಂಬಿಕೊಂಡವಳು. ಇಬ್ಬರೂ ಎದುರುಬದುರು ಕೂತು ಹೊಲಿಯುತ್ತಿದ್ದರೆ ದಬ್ಬಣದ ಮುಂದೆ ದಿಂಬು ಕೂತ ಹಾಗಿದೆ ಎಂದು ಆಚೆ ಬದಿಯ ಬೀಗ ರಿಪೇರಿಯವನು ಆಡಿಕೊಳ್ಳುತ್ತಿದ್ದ. ಅಂಗಡಿ ಎಂದರೆ ಒಂದೇ ಕೋಣೆ. ಮೂಲೆಯಲ್ಲಿ ಹಿಂಜಿದ ಹತ್ತಿಯ ಗುಡ್ಡೆ, ಗೋಡೆಗೆ ಒರಗಿಸಿದ ಪಟ್ಟೆಪಟ್ಟೆ ಬಟ್ಟೆಯ ಸುರುಳಿಗಳು, ನಡುವೆ ನೆಲದ ಮೇಲೆ ಆಗಷ್ಟೇ ಮುಗಿದ ಹಾಸಿಗೆ. ಹತ್ತಿಯ ಎಳೆ ಗಾಳಿಯಲ್ಲಿ ತೇಲಿ ತೇಲಿ ಅವಳ ಹುಬ್ಬಿನ ಮೇಲೂ ಕೂತಿರುತ್ತಿತ್ತು.

ಅವನ ಜೀವಕ್ಕೆ ಅಂಟಿದ್ದು ಸಿಗರೇಟು. ಹತ್ತಿಯ ನಡುವೆ ಸೇದುವ ಹಾಗಿಲ್ಲ, ಘಳಿಗೆಗೊಮ್ಮೆ ರಸ್ತೆಗೆ ಓಡುತ್ತಿದ್ದ. ಅವನಿಗೆ ಆಗಿಬರದೇ ಇದ್ದದ್ದು ದೊಡ್ಡ ಅಂಗಡಿಗಳ ಸ್ಪ್ರಿಂಗ್ ಹಾಸಿಗೆ. ಅದರ ಹೆಸರೆತ್ತಿದರೆ ಸಾಕು, ಮೈಯೆಲ್ಲ ಉರಿ.

"ಬಟ್ಟೆಯೊಳಗೆ ತಂತಿ ತುಂಬಿ ಮಾರ್ತಾರಲ್ಲ, ಅದೇನು ಹಾಸಿಗೆಯಾ, ಇಲಿಬೋನಾ?"

ಗಿರಾಕಿ ಬಂದರೆ ಅವನದೊಂದು ಆಟವಿತ್ತು. ಹೊಸ ಹಾಸಿಗೆಯ ಮೇಲೆ ಅಂಗಾತ ಮಲಗಿ, ಅಂಗಿ ಮೇಲೆತ್ತಿ, ಹೊಕ್ಕುಳಿಗಿಂತ ತುಸು ಮೇಲೆ ದಾರದ ರೀಲೊಂದನ್ನು ನಿಲ್ಲಿಸುವನು. ಅವನು ಕೈಕಾಲು ಅಲುಗಿಸದಿದ್ದರೂ ರೀಲು ಪುಟುಪುಟು ಕುಣಿಯುತ್ತಿತ್ತು. ಒಂದು ಮಧ್ಯಾಹ್ನ ಹಾಸಿಗೆಯ ಮೇಲೆ ಅಡ್ಡಾಗಿದ್ದಾಗ ಕೈಯಲ್ಲಿದ್ದ ರೀಲು ಹೊಟ್ಟೆಯ ಮೇಲೆ ಜಾರಿ ಕುಣಿದದ್ದನ್ನು ಕಂಡಾಗಿನಿಂದ, ಅದು ತನ್ನ ಹಾಸಿಗೆಯ ಪುಟಿತವೇ ಎಂದು ಅವನು ನಂಬಿಬಿಟ್ಟಿದ್ದ. ಹೆಂಡತಿಯೂ ನಂಬಿದ್ದಳು. ಹತ್ತಿ ಹಿಂಜಿದವಳು ಅವಳೇ ಆದ್ದರಿಂದ ಒಳಗೊಳಗೇ ಹೆಮ್ಮೆ ಬೇರೆ.

"ನೋಡಿ ಸ್ವಾಮಿ, ಜೀವ ಇರೋ ಹತ್ತಿ! ಹೇಗೆ ಉಸಿರಾಡ್ತಿದೆ!" ಎನ್ನುವನು. ಗಿರಾಕಿಗಳು ನಕ್ಕು, ಹಾಸಿಗೆ ಹೊರಿಸಿಕೊಂಡು ಹೋಗುತ್ತಿದ್ದರು.

ಒಂದು ಬೆಳಿಗ್ಗೆ ತನ್ನ ತಾಯಿಗೆಂದು ಹಾಸಿಗೆ ನೋಡಲು ಒಬ್ಬ ಹೆಂಗಸು ಬಂದಳು. ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡುವ ಡಾಕ್ಟರಂತೆ. ಇವನು ಮಲಗಿದ, ರೀಲು ಕುಣಿಯಿತು. ಡಾಕ್ಟರಮ್ಮ ಮಾತ್ರ ನಗಲಿಲ್ಲ. ಮೊಣಕಾಲೂರಿ ಕೂತು, "ಯಜಮಾನ್ರೇ, ಸ್ವಲ್ಪ ಕೈ ಇಡ್ಲಾ?" ಎಂದು ರೀಲು ತೆಗೆದು, ಹೊಟ್ಟೆಯ ಎರಡೂ ಕಡೆ ಮೆಲ್ಲಗೆ ಬೆರಳಿಟ್ಟಳು.

"ಇದು ಹಾಸಿಗೆ ಕುಣಿಸ್ತಿರೋದಲ್ಲ. ನಿಮ್ಮ ಹೊಟ್ಟೆಯ ರಕ್ತನಾಳ ಊದಿರೋ ಹಾಗಿದೆ. ಇವತ್ತೇ ಬಂದು ಸ್ಕ್ಯಾನ್ ಮಾಡಿಸ್ಕೊಳ್ಳಿ. ನಾನು ಅಲ್ಲೇ ಇರ್ತೀನಿ."

ಅವಳು ಆಚೆ ಹೋದದ್ದೇ ತಡ, ಇವನು ಗುರ್ರೆಂದ. "ಹಾಸಿಗೆ ನೋಡೋಕೆ ಬಂದೋಳು ನನ್ನ ಹೊಟ್ಟೆಗೆ ಹೆಸರಿಟ್ಟು ಹೋದ್ಲು! ನಾನೆಲ್ಲೂ ಬರೋಲ್ಲ."

ಹೆಂಡತಿ ತಾನೇ ಹಾಸಿಗೆಯ ಮೇಲೆ ಮಲಗಿ ರೀಲನ್ನು ತನ್ನ ಹೊಟ್ಟೆಯ ಮೇಲೆ ಇಟ್ಟುಕೊಂಡಳು. ಉಸಿರಿಗೆ ನಿಧಾನವಾಗಿ ಏರಿ ಇಳಿಯಿತೇ ಹೊರತು ರೀಲು ಕುಣಿಯಲಿಲ್ಲ.

"ನಿನ್ನ ಹೊಟ್ಟೇಲಿ ಅದು ಹೂತು ಹೋಗಿದೆ ಕಣೇ, ಕುಣಿಯೋದೆಲ್ಲಿಂದ?"

"ಹೂತು ಹೋಗ್ಲಿ. ಈಗ ನೀವು ಬರೀ ನೆಲದ ಮೇಲೆ ಮಲಗ್ರೀ, ನೋಡೋಣ."

ಮಲಗಿದ. ಕೆಳಗೆ ಹತ್ತಿಯಿಲ್ಲ, ಹಾಸಿಗೆಯಿಲ್ಲ. ತಣ್ಣನೆ ಸಿಮೆಂಟು ನೆಲದ ಮೇಲೆಯೂ ರೀಲು ಅದೇ ತಾಳದಲ್ಲಿ ಕುಣಿಯಿತು. ಆಮೇಲೆ ಅವಳು ಎದ್ದು ಅಂಗಡಿಯ ಬಾಗಿಲು ಎಳೆದಳು. ಅವನು ಚಪ್ಪಲಿ ಮೆಟ್ಟಿದ.

ಸ್ಕ್ಯಾನ್ ಕೋಣೆಯಲ್ಲಿ ಡಾಕ್ಟರಮ್ಮ ಅವನ ಹೊಟ್ಟೆಗೆ ತಣ್ಣನೆಯ ಅಂಟು ಸವರಿ ಪರದೆ ತೋರಿಸಿದಳು. ಹೃದಯದಿಂದ ಹೊಟ್ಟೆಗಿಳಿಯುವ ದೊಡ್ಡ ನಾಳ ಅದು. ಹೆಬ್ಬೆರಳಿನ ದಪ್ಪ ಇರಬೇಕಾದದ್ದು ಒಂದು ಕಡೆ ಸಡಿಲಗೊಂಡು ಕಿತ್ತಳೆ ಹಣ್ಣಿನಂತೆ ಊದಿತ್ತು.

"ನೋವೇ ಇಲ್ವಲ್ಲ ಡಾಕ್ಟ್ರೇ?" ಎಂದಳು ಹೆಂಡತಿ.

"ಅದೇ ಇದರ ಕಳ್ಳಾಟ ಅಮ್ಮಾ. ಒಡೆದಾಗ ನೋವು ಬರುತ್ತೆ. ಆಮೇಲೆ ಉಳಿಸೋದು ತುಂಬಾ ಕಷ್ಟ."

ಇಷ್ಟು ದಿನ ಸಾವೇ ಕುಣಿಯುತ್ತಿತ್ತು, ನಾವು ಗಿರಾಕಿಗಳನ್ನು ಕರೆದು ತೋರಿಸುತ್ತಿದ್ದೆವಲ್ಲ ಎನಿಸಿ ಅವಳು ಗೋಡೆ ಹಿಡಿದುಕೊಂಡಳು.

ಇನ್ನೊಂದು ದೊಡ್ಡ ಸ್ಕ್ಯಾನ್ ಆದ ಮೇಲೆ ರಕ್ತನಾಳದ ಡಾಕ್ಟರು ಇಬ್ಬರನ್ನೂ ಕೂರಿಸಿಕೊಂಡು ಹೇಳಿದರು. ತೊಡೆಸಂದಿಯ ನಾಳದಿಂದ ಮಡಿಸಿದ ಬಟ್ಟೆಯ ಕೊಳವೆಯನ್ನು ಒಳಗೆ ಕಳಿಸಿ, ಊದಿದ ಜಾಗದಲ್ಲಿ ಬಿಚ್ಚುತ್ತಾರೆ. ಆಮೇಲೆ ರಕ್ತ ಆ ಬಟ್ಟೆಯೊಳಗೇ ಹರಿಯುತ್ತದೆ, ಸಡಿಲವಾದ ಗೋಡೆಗೆ ಒತ್ತಡ ಬೀಳುವುದಿಲ್ಲ.

"ಒಳಗಿಂದ ಅಸ್ತರು ಕೊಟ್ಟ ಹಾಗಾ?" ಎಂದಳು ಅವಳು.

"ಹಾಗೇ ಅಂದ್ಕೊಳ್ಳಿ ಅಮ್ಮಾ."

"ಮಡಿಸಿದ ಬಟ್ಟೆ ತಾನಾಗೇ ಹೇಗೆ ಬಿಚ್ಕೊಳ್ಳುತ್ತೆ?" ಹಂಚಿಕಡ್ಡಿಗೆ ಅನುಮಾನ.

"ಸುತ್ತ ತಂತಿ ಇರುತ್ತೆ. ಸ್ಪ್ರಿಂಗ್ ತರ."

ಅವನು ಕುರ್ಚಿಯಿಂದ ಎದ್ದೇಬಿಟ್ಟ. "ಸ್ಪ್ರಿಂಗಾ? ನನ್ನೊಳಗಾ? ಬೇಡಪ್ಪಾ! ಹೊಟ್ಟೆ ಸೀಳಿ ನೆಟ್ಟಗೆ ಹೊಲಿದುಬಿಡಿ. ಹೊಲಿಗೆ ಅಂದ್ರೆ ನನಗೆ ನಂಬಿಕೆ."

"ಹಾಗೂ ಮಾಡ್ತೀವಿ. ಆದ್ರೆ ನಿಮ್ಮ ಶ್ವಾಸಕೋಶಾನ ಸಿಗರೇಟಿಗೆ ಬರೆದುಕೊಟ್ಟಿದ್ದೀರಲ್ಲ, ಅಷ್ಟು ದೊಡ್ಡ ಆಪರೇಷನ್ ನಿಮ್ಮ ಮೈ ತಡೆಯೋಲ್ಲ."

"ಹಾಗಾದ್ರೆ ಇದ್ದ ಹಾಗೇ ಇರ್ಲಿ."

ಆಗ ಅವಳಿಗೆ ಎಲ್ಲಿತ್ತೋ ಸಿಟ್ಟು, ಡಾಕ್ಟರ ಎದುರೇ ಗಂಡನ ತೋಳು ಹಿಡಿದು ಕೂರಿಸಿದಳು. "ನನಗೆ ಗಂಡ ಬೇಕು ಕಣ್ರೀ. ಒಳಗೆ ಹತ್ತಿ ಇದ್ರೂ ಸೈ, ತಂತಿ ಇದ್ರೂ ಸೈ!" ಎಂದವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವನು ಅವಳ ಮುಖ ನೋಡಿದ. ಹುಬ್ಬಿನ ಮೇಲಿದ್ದ ಹತ್ತಿಯ ಎಳೆಯನ್ನು ಬೆರಳಿನಿಂದ ತೆಗೆದು, "ಆಯ್ತು ಮಾರಾಯ್ತಿ, ಅಳಬೇಡ. ಬೀಗ ರಿಪೇರಿಯವನಿಗೆ ಮಾತ್ರ ಸ್ಪ್ರಿಂಗ್ ವಿಷಯ ಹೇಳಬೇಡ" ಎಂದ.

ಚಿಕಿತ್ಸೆ ಚೆನ್ನಾಗಿಯೇ ಆಯಿತು. ಆಮೇಲಿನ ಸ್ಕ್ಯಾನಿನಲ್ಲಿ ಬಟ್ಟೆ ನೆಟ್ಟಗೆ ಕೂತಿತ್ತು, ಎಲ್ಲೂ ಸೋರಿರಲಿಲ್ಲ. ಆಗಾಗ ಬಂದು ತೋರಿಸಿಕೊಳ್ಳಬೇಕು, ಸಿಗರೇಟು ಮುಟ್ಟಬಾರದು ಎಂದರು. ಸಿಗರೇಟು ಬಿಟ್ಟವನ ಸಿಡುಕು ತಡೆಯಲಾಗದೆ ಅವಳು ಕೆಲವು ದಿನ ಎದುರುಬದುರು ಕೂರುವ ಬದಲು ಅವನಿಗೆ ಬೆನ್ನು ಮಾಡಿ ಹೊಲಿದಳು.

ಮತ್ತೆ ಅಂಗಡಿ ಕಳೆಗಟ್ಟಿದಾಗ ಡಾಕ್ಟರಮ್ಮ ಬಂದಳು. ಅವತ್ತಿನ ಗಡಿಬಿಡಿಯಲ್ಲಿ ಹಾಸಿಗೆ ಕೊಳ್ಳುವುದೇ ಉಳಿದುಹೋಗಿತ್ತಲ್ಲ! ಅವನು ಹಳೆಯ ಠೀವಿಯಲ್ಲೇ ಮಲಗಿ ರೀಲು ನಿಲ್ಲಿಸಿದ. ರೀಲು ಮಿಸುಕಲಿಲ್ಲ. ಇಷ್ಟು ಚೆಂದದ ವಸ್ತುವನ್ನು ಕಂಡೇ ಇಲ್ಲ ಎಂಬಂತೆ ಹೆಂಡತಿ ಅದನ್ನೇ ನೋಡುತ್ತ ನಿಂತಳು.

ಇದ್ದಕ್ಕಿದ್ದಂತೆ ರೀಲು ಎಗರಿ ನೆಲಕ್ಕುರುಳಿತು.

"ರೀ!" ಅವಳ ಕೈಯಿಂದ ದಬ್ಬಣ ಜಾರಿತು. ಓಡಿ ಬಂದು ನೋಡಿದರೆ, ಬೇಕೆಂದೇ ಹೊಟ್ಟೆ ಕುಲುಕಿಸಿದ ಆ ಹಂಚಿಕಡ್ಡಿ ಬಾಯಿಗೆ ಕೈ ಅಡ್ಡ ಹಿಡಿದು ಕಿಸಿಕಿಸಿ ನಗುತ್ತಿದ್ದಾನೆ!

"ಸ್ಪ್ರಿಂಗ್ ಕಣೇ, ಸ್ಪ್ರಿಂಗ್!"

ಅವಳು ಕೈಗೆ ಸಿಕ್ಕ ದಿಂಬು ಎತ್ತಿದಳು. ಡಾಕ್ಟರಮ್ಮ ನಗು ತಡೆದುಕೊಂಡು, "ಅಮ್ಮಾ, ಹೊಟ್ಟೆ ಒಂದು ಬಿಟ್ಟು ಬೇರೆಲ್ಲಿ ಬೇಕಾದ್ರೂ ಹೊಡೀರಿ" ಎಂದಳು.