ಮರಿಗೌಡರ ರೈಲ್ವೆ ಮುತ್ತಾತ

ಅಮೆರಿಕದ ಮಿಲ್ಪಿಟಾಸಿನ ಮರಿಗೌಡರ ಪಕ್ಕ ಬಾರ್ಟ್ ರೈಲಿನಲ್ಲಿ ಕೂತರೆ ನಿಮ್ಮ ಕತೆ ಮುಗಿಯಿತೆಂದೇ ತಿಳಿಯಿರಿ. ಹಳಿ ಕಿರುಗುಟ್ಟಿದೊಡನೆ, "ನಮ್ ಮುತ್ತಾತ ಹಾಕಿದ್ ಹಳಿ ಹಿಂಗೆ ಕಿರುಚ್ತಿರ್ಲಿಲ್ಲ ಕಣ್ರೀ" ಎಂದು ಶುರುಮಾಡುತ್ತಾರೆ. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಮಂಡ್ಯದ ಕಡೆ ರೈಲು ದಾರಿ ಹಾಕುವಾಗ ಸತ್ತ ಆ ಮುತ್ತಾತ, ಯುಗಾದಿಯ ಪಾಟ್‌ಲಕ್ ಊಟದಲ್ಲಿ ಗೌಡರ ಬಾಯಲ್ಲಿ ಮೇಸ್ತ್ರಿಯಾಗಿದ್ದವನು, ದೀಪಾವಳಿಯ ಹೊತ್ತಿಗೆ ಇಂಜಿನಿಯರೇ ಆಗಿಬಿಡುತ್ತಾನೆ. ಹೆಂಡತಿ ವಾಣಿಶ್ರೀ, "ರೀ, ಅವರು ಊಟನಾದ್ರೂ ಮಾಡ್ಲಿ ಬಿಡ್ರೀ" ಎಂದರೂ ಕೇಳುವವರಲ್ಲ. ಮುತ್ತಾತನ ದಾಖಲೆ ಹುಡುಕಿಕೊಡಿ ಎಂದು ಲಂಡನ್ನಿನ ಹಳೆಯ ಕಡತಗಳ ಕಚೇರಿಗೆ ಇವರು ಬರೆದ ಈಮೇಲುಗಳಿಂದ ಅಲ್ಲಿನ ಗುಮಾಸ್ತೆಗೆ ಮಂಡ್ಯದ ಹೋಬಳಿಗಳೆಲ್ಲ ಬಾಯಿಪಾಠವಾಗಿದ್ದರೆ ಆಶ್ಚರ್ಯವಿಲ್ಲ. ಕಳೆದ ವರ್ಷ ಕೊನೆಗೂ ಉತ್ತರ ಬಂತು. ಹಳೆಯ ವರದಿಯ ಒಂದೇ ಸಾಲು: ಮಣ್ಣು ಕುಸಿದು ನಾಲ್ವರು ಕೂಲಿಗಳು ಸತ್ತರು, ಹೆಸರು ಗೊತ್ತಿಲ್ಲ. ಮೊಮ್ಮಗಳು ಸಂಯುಕ್ತಾ ಇಣುಕಿ ನೋಡಿ, "ತಾತ, ವಿಚ್ ಒನ್ ಈಸ್ ಅವರ್ಸ್?" ಎಂದಳು. ಗೌಡರು ಆ ಸಾಲಿನ ಮೇಲೆ ಬೆರಳಾಡಿಸಿ, "ನಾಕೂ ಜನ ನಮ್ಮೋರೇ ಕಣವ್ವ" ಎಂದರು. ಆ ಪಿತೃಪಕ್ಷಕ್ಕೆ ಅವರ ಮನೆಯಲ್ಲಿ ನಾಲ್ಕು ಎಲೆ ಹಾಕಿದ್ದರು. ಯಾರಿಗೂ ಒಂದು ತುಂಡು ಕಡಿಮೆಯಾಗದಂತೆ, ಬಾಡಿನ ಸಾರನ್ನು ಗೌಡರೇ ಬಗ್ಗಿ ಬಡಿಸಿದರು.